ಏಳು ಚೌಕದ ಕಾರು

ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿ ಸಾಲುಗಳಲ್ಲಿ ಬೆಂಡು ಬತ್ತಾಸು, ಬಳೆ, ಪೀಪಿ, ಪುಗ್ಗೆಗಳ ಪಕ್ಕದಲ್ಲಿ ಹೊಸದೊಂದು ಸಾಮಾನು ಬಂದು ಕುಳಿತಿತು. ಅಂಗೈಗಿಂತ ತುಸು ಉದ್ದದ ಪ್ಲಾಸ್ಟಿಕ್ ಡಬ್ಬಿ, ಮೇಲರ್ಧದಲ್ಲಿ ಬೂದು ಬಣ್ಣದ ಪುಟ್ಟ ತೆರೆ, ಕೆಳಗೆ ಕೆಲವು ಗುಂಡಿಗಳು, ಹಿಂಬದಿಯಲ್ಲಿ ಸೆಲ್ಲು. ಡಬ್ಬಿಯ ಮೇಲೆ ‘9999 ಆಟಗಳು’ ಎಂಬ ಧಾರಾಳವಾದ ಘೋಷಣೆ. ಎಣಿಸಲು ಕುಳಿತರೆ ನಿಜವಾಗಿ ಇದ್ದುದು ಬೆರಳೆಣಿಕೆಯಷ್ಟು ಆಟ. ಉಳಿದದ್ದೆಲ್ಲ ಅವುಗಳ ವೇಗ ಮತ್ತು ಮಟ್ಟಗಳ ಗುಣಾಕಾರ. ಬ್ರಿಕ್ ಗೇಮ್ ಎಂದು ಅದರ ಹೆಸರು. ಅದರಲ್ಲಿ ಎಲ್ಲರೂ ಆಡುತ್ತಿದ್ದ ಮೊದಲ ಆಟ, ರಷ್ಯದ ಅಲೆಕ್ಸಿ ಪಾಜಿಟ್ನೋವ್ ಎಂಬತ್ತರ ದಶಕದ ನಡುವಿನಲ್ಲಿ ರೂಪಿಸಿದ ಟೆಟ್ರಿಸ್‌ನ ನಕಲು. ಎರಡನೆಯದು ಕಾರಿನ ಆಟ.

ಕಾರು ಎಂದರೆ ಏನು? ಏಳು ಕಪ್ಪು ಚೌಕಗಳು. ಮೂತಿಗೆ ಒಂದು, ಅದರ ಹಿಂದೆ ಅಡ್ಡಲಾಗಿ ಮೂರು, ನಡುವಿಗೆ ಒಂದು, ಹಿಂಗಾಲಿಗಳಿಗೆ ಎರಡು. ಸ್ಟೇರಿಂಗ್ ಇಲ್ಲ, ಬ್ರೇಕಿಲ್ಲ. ಎಡದ ಗುಂಡಿ ಒತ್ತಿದರೆ ಎಡ ಸಾಲಿಗೆ, ಬಲದ್ದು ಒತ್ತಿದರೆ ಬಲ ಸಾಲಿಗೆ. ಮೇಲಿನಿಂದ ಇಳಿದು ಬರುವ ಇತರ ಏಳು ಚೌಕದ ಕಾರುಗಳಿಗೆ ತಾಗದಂತೆ ನುಸುಳಬೇಕು. ಇನ್ನೊಂದು ಗುಂಡಿಯನ್ನು ಒತ್ತಿ ಹಿಡಿದರೆ ವೇಗ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಡೀ ಆಟ ಇಷ್ಟೇ. ಆದರೂ ಮಕ್ಕಳು ಸೆಲ್ಲು ಮುಗಿಯುವವರೆಗೆ ಅದನ್ನು ಕೆಳಗಿಡುತ್ತಿರಲಿಲ್ಲ. ಡಬ್ಬಿ ಮಾಯವಾದ ಮೇಲೆ ಅದೇ ಆಟ ಬಣ್ಣ ಹಚ್ಚಿಕೊಂಡು ಮೊಬೈಲಿನೊಳಗೆ ಸೇರಿತು. ಈಗ ಯಾದಗಿರಿ ತಾಲ್ಲೂಕಿನ ಬಳಿಚಕ್ರದಂಥ ಊರಿನಲ್ಲೂ ಅಪ್ಪನ ಫೋನು ಕೈಗೆ ಸಿಕ್ಕ ಹುಡುಗ ಮೊದಲು ಹುಡುಕುವುದು ಈ ಜಾತಿಯದೇ ಒಂದು ಆಟವನ್ನು.

ಈ ಆಟದ ವಂಶಾವಳಿ ಐವತ್ತು ವರ್ಷಗಳಷ್ಟು ಹಳೆಯದು. 1974ರಲ್ಲಿ ಅಮೆರಿಕದ ಅಟಾರಿ ಕಂಪೆನಿ ‘ಗ್ರ್ಯಾನ್ ಟ್ರ್ಯಾಕ್ 10’ ಎಂಬ ಯಂತ್ರವನ್ನು ಹೊರತಂದಿತು. ಪಂದ್ಯದ ಓಣಿಯನ್ನು ಮೇಲಿನಿಂದ ನೋಡುತ್ತ ಕಾರು ತಿರುಗಿಸುವ ಆಟ ಅದು. ಅದೇ ವರ್ಷ ಜಪಾನಿನ ಟೈಟೊ ಕಂಪೆನಿಗಾಗಿ ತೊಮೊಹಿರೊ ನಿಶಿಕಾದೊ ಎಂಬಾತ ‘ಸ್ಪೀಡ್ ರೇಸ್’ ರಚಿಸಿದ. ಮುಂದೆ 1978ರಲ್ಲಿ ‘ಸ್ಪೇಸ್ ಇನ್‌ವೇಡರ್ಸ್’ ಮಾಡಿ ಜಗತ್ಪ್ರಸಿದ್ಧನಾದವನು ಇವನೇ. ಸ್ಪೀಡ್ ರೇಸ್‌ನಲ್ಲಿ ಕಾರು ನಿಂತಲ್ಲೇ ಇರುತ್ತದೆ. ರಸ್ತೆ ಮೇಲಿನಿಂದ ಕೆಳಗೆ ಹರಿಯುತ್ತದೆ. ಎದುರಾಗುವ ಕಾರುಗಳನ್ನು ತಪ್ಪಿಸುವುದೇ ಆಟ. ಏಳು ಚೌಕದ ಕಾರಿನ ಮುತ್ತಜ್ಜ ಇದೇ ಎನ್ನಬಹುದು. 1981ರಲ್ಲಿ ಕೊನಾಮಿ ಕಂಪೆನಿಯ ‘ಫ್ರಾಗರ್’ ಇದನ್ನು ಮಗ್ಗುಲು ಬದಲಿಸಿ ತೋರಿಸಿತು. ಅಲ್ಲಿ ಆಡುವವನು ಚಾಲಕನಲ್ಲ, ವಾಹನಗಳ ನಡುವೆ ರಸ್ತೆ ದಾಟಬೇಕಾದ ಕಪ್ಪೆ. 1984ರಲ್ಲಿ ಅದೇ ಕಂಪೆನಿ ತಂದ ‘ರೋಡ್ ಫೈಟರ್’, ಟಿ.ವಿ.ಗೆ ಜೋಡಿಸುವ ಅಗ್ಗದ ಆಟದ ಪೆಟ್ಟಿಗೆಗಳ ಮೂಲಕ ನಮ್ಮ ಊರುಗಳಿಗೂ ಬಂತು.

ರೋಡ್ ಫೈಟರ್‌ನಲ್ಲಿ ಒಂದು ಸೂಕ್ಷ್ಮವಿದೆ. ತೆರೆಯ ಬದಿಯಲ್ಲಿ ಪೆಟ್ರೋಲಿನ ಲೆಕ್ಕ ಇಳಿಯುತ್ತಲೇ ಇರುತ್ತದೆ. ನಿಧಾನವಾಗಿ ಹೋದರೆ ಡಿಕ್ಕಿಯಾಗದು, ಆದರೆ ಊರು ಸೇರುವ ಮೊದಲೇ ಪೆಟ್ರೋಲು ಖಾಲಿ. ಸ್ಪೀಡ್ ರೇಸ್‌ನಲ್ಲಿ ಇದೇ ಕೆಲಸವನ್ನು ಗಡಿಯಾರ ಮಾಡುತ್ತಿತ್ತು. ಇಂಥ ಆಟಗಳಲ್ಲೆಲ್ಲ ನಿಧಾನಕ್ಕೆ ದಂಡವಿದೆ. ಇಲ್ಲದಿದ್ದರೆ ಜಾಣ ಆಟಗಾರ ಮೊದಲನೆಯ ವೇಗದಲ್ಲೇ ತೆವಳುತ್ತ ಗೆದ್ದುಬಿಡುತ್ತಾನೆ, ಆಟ ಆಟವಾಗಿ ಉಳಿಯುವುದಿಲ್ಲ. ನಿಜವಾದ ರಸ್ತೆಯಲ್ಲಿ ನಿಧಾನಕ್ಕೆ ದಂಡವಿಲ್ಲ ಎಂದು ಹೇಳುವುದು ಸುಲಭ. ದಿನಕ್ಕೆ ಇಷ್ಟು ಟ್ರಿಪ್ಪು ಹೊಡೆದರೆ ಮಾತ್ರ ಮನೆ ನಡೆಯುವ ಟಂಟಂ ಚಾಲಕನನ್ನು ಕೇಳಿದರೆ ಅವನ ಪೆಟ್ರೋಲಿನ ಮುಳ್ಳೂ ಇಳಿಯುತ್ತಲೇ ಇರುತ್ತದೆ ಎಂಬುದು ತಿಳಿಯುತ್ತದೆ.

ಇನ್ನು ಆಟದ ಒಳಗಿನ ಲೆಕ್ಕ. ಬ್ರಿಕ್ ಗೇಮಿನ ತೆರೆ ಅಗಲಕ್ಕೆ 10 ಚೌಕ, ಎತ್ತರಕ್ಕೆ 20 ಚೌಕ. ಆಟಗಾರನ ಕಾರು ಕೆಳಗಿನ ನಾಲ್ಕು ಸಾಲುಗಳನ್ನು ಹಿಡಿದಿರುತ್ತದೆ. ಎದುರಿನ ಕಾರಿನ ಮೂತಿ ಮೇಲಂಚಿನಲ್ಲಿ ಕಂಡ ಕ್ಷಣದಿಂದ ತಾಗುವವರೆಗೆ ಸಿಗುವುದು 16 ಚೌಕಗಳ ಅಂತರ. ಚಿತ್ರ ಸೆಕೆಂಡಿಗೆ 8 ಚೌಕದಂತೆ ಇಳಿಯುತ್ತದೆ ಎಂದಿಟ್ಟುಕೊಂಡರೆ ಕೈಯಲ್ಲಿರುವುದು 2 ಸೆಕೆಂಡು. ವೇಗ ಇಮ್ಮಡಿಯಾದರೆ 1 ಸೆಕೆಂಡು. ಇನ್ನೂ ಇಮ್ಮಡಿಯಾದರೆ ಅರ್ಧ ಸೆಕೆಂಡು. ದೀಪ ಹೊತ್ತಿದೊಡನೆ ಗುಂಡಿ ಒತ್ತು ಎಂದರೆ ಆರೋಗ್ಯವಂತ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಎಡವೋ ಬಲವೋ ಎಂದು ಆರಿಸಿ ಒತ್ತಬೇಕಾದರೆ ಅದಕ್ಕಿಂತ ಹೆಚ್ಚು. ಅಂದರೆ ಆಟದ ಕೊನೆಯ ಮಟ್ಟಗಳು ಮನುಷ್ಯನ ಮಿದುಳಿನ ಅಂಚಿನಲ್ಲೇ ನಡೆಯುತ್ತವೆ.

ಇದನ್ನು ನಿಜವಾದ ರಸ್ತೆ ಕಟ್ಟುವವರ ಲೆಕ್ಕದ ಪಕ್ಕಕ್ಕಿಟ್ಟು ನೋಡಿ. ನಮ್ಮ ಹೆದ್ದಾರಿಗಳ ಮಾನದಂಡ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಚಾಲಕ ಅಡ್ಡಿಯನ್ನು ಕಂಡು ಅರಿತು ಬ್ರೇಕು ತುಳಿಯಲು 2.5 ಸೆಕೆಂಡು ಬೇಕು ಎಂದು ಹಿಡಿಯುತ್ತದೆ. ರಸ್ತೆಯ ತಿರುವು, ಏರು, ಇಳಿಜಾರುಗಳನ್ನೆಲ್ಲ ಅಷ್ಟು ಸಮಯ ಸಿಗುವಂತೆ ರೂಪಿಸಬೇಕು. ಎದುರು ವಾಹನ ಬರುವ ಎರಡು ಸಾಲಿನ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ 300 ಮೀಟರ್ ದೂರದವರೆಗೆ ರಸ್ತೆ ಕಾಣಬೇಕು, 80 ಕಿ.ಮೀ. ಆದರೆ 470 ಮೀಟರ್. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡು ಹತ್ತಿಯನ್ನೋ ಭತ್ತವನ್ನೋ ಹೇರಿದ ಟ್ರ್ಯಾಕ್ಟರ್ ಇದ್ದರೆ ಇನ್ನೂ ಹೆಚ್ಚು ಬೇಕು. ಸುಗ್ಗಿಯ ದಿನಗಳಲ್ಲಿ ಈ ಭಾಗದ ರಸ್ತೆಯಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಟದಲ್ಲಿ ಅರ್ಧ ಸೆಕೆಂಡಿನಲ್ಲಿ ಬದುಕುವ ಹುಡುಗ ರಸ್ತೆಯಲ್ಲಿ ಏಕೆ ಬದುಕಲಾರ? ಆಟದ ಕಾರಿಗೆ ತೂಕವಿಲ್ಲ ಎಂಬುದು ಮೊದಲ ಕಾರಣ. ಅದು ಎಡದಿಂದ ಬಲಕ್ಕೆ ಹೋಗುವುದಿಲ್ಲ. ಎಡದಲ್ಲಿ ಅಳಿಸಿಹೋಗಿ ಬಲದಲ್ಲಿ ಮೂಡುತ್ತದೆ. ನಿಜವಾದ ವಾಹನಕ್ಕೆ ಓಟದ ಸೊಕ್ಕು ಇರುತ್ತದೆ, ಅದು ವೇಗದ ವರ್ಗದಂತೆ ಬೆಳೆಯುತ್ತದೆ. ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 6 ಮೀಟರಿನಲ್ಲಿ ನಿಂತರೆ, 60 ಕಿ.ಮೀ. ವೇಗದ್ದು ನಿಲ್ಲಲು ಎರಡರಷ್ಟಲ್ಲ, ನಾಲ್ಕರಷ್ಟು ದೂರ ಬೇಕು: ಸುಮಾರು 24 ಮೀಟರ್. ಚಾಲಕ ಯೋಚಿಸುವಷ್ಟರಲ್ಲಿ ಓಡಿದ ದೂರ ಇದಕ್ಕೆ ಬೇರೆ ಸೇರಬೇಕು.

ಎರಡನೆಯ ಕಾರಣ ಇದಕ್ಕಿಂತ ಕುತೂಹಲದ್ದು. ಆಟದ ಹುಡುಗ ರಸ್ತೆಯನ್ನು ಹದ್ದಿನಂತೆ ಮೇಲಿನಿಂದ ನೋಡುತ್ತಾನೆ. ಎದುರಿನ ಕಾರು ಎಷ್ಟು ಚೌಕ ದೂರದಲ್ಲಿದೆ, ಎಷ್ಟು ಬೇಗ ಚೌಕಗಳನ್ನು ನುಂಗುತ್ತಿದೆ ಎಂಬುದು ಬಟಾಬಯಲು. ರಸ್ತೆಯಂಚಿನಲ್ಲಿ ನಿಂತ ಹುಡುಗನಿಗೆ ಈ ಭಾಗ್ಯವಿಲ್ಲ. ಅವನತ್ತಲೇ ನೇರವಾಗಿ ಬರುವ ವಾಹನ ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಅದು ಮಾಡುವುದು ಒಂದೇ, ದೊಡ್ಡದಾಗುವುದು. ಆ ದೊಡ್ಡದಾಗುವ ರೀತಿಯಿಂದಲೇ ಕಣ್ಣು ವೇಗವನ್ನು ಊಹಿಸಿಕೊಳ್ಳಬೇಕು.

ನೂರು ಮೀಟರ್ ದೂರದ ಕಾರು, ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು ಕಾಣುತ್ತದೆ. ಅದು 60 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ನೂರು ಮೀಟರನ್ನು 6 ಸೆಕೆಂಡಿನಲ್ಲಿ ಮುಗಿಸುತ್ತದೆ. ಮೊದಲ 3 ಸೆಕೆಂಡಿನಲ್ಲಿ ಅರ್ಧ ದೂರ ಬಂದಿರುತ್ತದೆ. ಆಗ ಅದರ ಗಾತ್ರ ಎರಡು ಕಿರುಬೆರಳು. ಅಷ್ಟೇ. ಇನ್ನು ಒಂದೂವರೆ ಸೆಕೆಂಡಿಗೆ ನಾಲ್ಕು ಬೆರಳು. ಆಮೇಲಿನ ಒಂದೂವರೆ ಸೆಕೆಂಡಿನಲ್ಲಿ ಅದು ಕಣ್ಣು ತುಂಬ ಉಬ್ಬಿ ಮೈಮೇಲೆ ಬಂದುಬಿಡುತ್ತದೆ. ಏಳು ಮೀಟರ್ ಅಗಲದ ರಸ್ತೆಯನ್ನು ಸಾಧಾರಣ ನಡಿಗೆಯಲ್ಲಿ ದಾಟಲು ಬೇಕಾಗುವುದೂ ಹೆಚ್ಚುಕಡಿಮೆ ಅದೇ 6 ಸೆಕೆಂಡು. ಮಗು ರಸ್ತೆಯ ನಟ್ಟನಡುವೆ ಇದ್ದಾಗ ಕಾರು ಇನ್ನೂ ಎರಡು ಕಿರುಬೆರಳಿನ ಸಾಧು ಪ್ರಾಣಿ. ಅಪಾಯದ ಸುದ್ದಿ ಕಣ್ಣಿಗೆ ಮುಟ್ಟುವುದು ಹಿಂದೆ ಸರಿಯಲು ಹೊತ್ತಿಲ್ಲದಾಗ.

ಈ ಉಬ್ಬುವಿಕೆಯಲ್ಲಿ ಒಂದು ಸೊಗಸಾದ ಗಣಿತ ಅಡಗಿದೆ. ಬರುವ ವಸ್ತುವಿನ ದೂರವಾಗಲಿ ವೇಗವಾಗಲಿ ಗೊತ್ತಿಲ್ಲದಿದ್ದರೂ, ಅದರ ತೋರಿಕೆಯ ಗಾತ್ರವನ್ನು ಆ ಗಾತ್ರ ಬೆಳೆಯುವ ಗತಿಯಿಂದ ಭಾಗಿಸಿದರೆ ಅದು ತಾಗಲು ಉಳಿದಿರುವ ಸಮಯ ಸಿಗುತ್ತದೆ. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1957ರ ತನ್ನ ‘ದಿ ಬ್ಲ್ಯಾಕ್ ಕ್ಲೌಡ್’ ಕಾದಂಬರಿಯಲ್ಲಿ, ಭೂಮಿಯತ್ತ ಬರುತ್ತಿರುವ ಮೋಡ ಯಾವಾಗ ಮುಟ್ಟುತ್ತದೆ ಎಂದು ಲೆಕ್ಕ ಹಾಕಲು ಈ ಉಪಾಯವನ್ನೇ ಬಳಸಿದ್ದ. 1976ರಲ್ಲಿ ಎಡಿನ್‌ಬರೋದ ಮನೋವಿಜ್ಞಾನಿ ಡೇವಿಡ್ ಲೀ, ಚಾಲಕರು ಬ್ರೇಕು ಹಿಡಿಯುವಾಗ ಕಣ್ಣು ಈ ಭಾಗಾಕಾರವನ್ನೇ ಮಾಡುತ್ತಿರಬೇಕು ಎಂದು ವಾದಿಸಿದ. ಹಕ್ಕಿ ಕೊಂಬೆಯ ಮೇಲೆ ಇಳಿಯುವುದು, ಆಟಗಾರ ಚೆಂಡು ಹಿಡಿಯುವುದು ಇದರಿಂದಲೇ ಇರಬಹುದೆಂಬ ಚರ್ಚೆ ಆಮೇಲೆ ಬಹಳ ಬೆಳೆಯಿತು.

ಆದರೆ ಭಾಗಾಕಾರ ಮಾಡಬೇಕಾದರೆ ಉಬ್ಬುವುದು ಕಾಣಬೇಕಲ್ಲ? ಎಳೆಯ ಕಣ್ಣಿಗೆ ಅದು ಕಾಣುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೆ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಟ್ಟಿಗೆ ಬಹಳ ಮುಖ್ಯವಾದದ್ದು. ಐದು ಸೆಕೆಂಡಿನಷ್ಟು ದೂರದಲ್ಲಿರುವ ವಾಹನವನ್ನು ತೋರಿಸಿದಾಗ ದೊಡ್ಡವರು ಗಂಟೆಗೆ 80 ಕಿ.ಮೀ.ವರೆಗಿನ ವೇಗವನ್ನು ತಕ್ಕಮಟ್ಟಿಗೆ ಅಂದಾಜು ಮಾಡಬಲ್ಲರು. ಪ್ರಾಥಮಿಕ ಶಾಲೆಯ ಮಕ್ಕಳ ಅಂದಾಜು 32 ಕಿ.ಮೀ. ದಾಟಿದೊಡನೆ ಕೈಕೊಡುತ್ತದೆ. ಇದರ ಫಲ ವಿಚಿತ್ರ. ವಾಹನದ ವೇಗ ಹೆಚ್ಚಿದಷ್ಟೂ, ಅದು ನಿಂತಂತೆ ಅಥವಾ ಮೆಲ್ಲಗೆ ಬರುತ್ತಿರುವಂತೆ ಮಗುವಿಗೆ ತೋರುತ್ತದೆ. ಮಗು ತುಂಟತನದಿಂದ ಅಡ್ಡ ಓಡಿತು ಎಂದು ಬೈಯುವ ಮೊದಲು ಇದನ್ನು ನೆನೆಯಬೇಕು. ಅದು ನೋಡಿಯೇ ಓಡಿರುತ್ತದೆ. ನೋಡಿದ್ದು ಕಂಡಿರುವುದಿಲ್ಲ.

ಹಾಗೆಂದು ನಮ್ಮ ಮಕ್ಕಳಿಗೆ ಹೊತ್ತು ನೋಡಿ ಹೆಜ್ಜೆ ಇಡುವ ಅಭ್ಯಾಸ ಇಲ್ಲವೆಂದಲ್ಲ. ಹೆಸರಿನಲ್ಲೇ ಚಕ್ರವಿರುವ ಬಳಿಚಕ್ರದ ಸುತ್ತಿನ ಸೀಮೆಯಲ್ಲಿ ಮಕ್ಕಳ ಆಟಿಕೆಯ ಮೊದಲ ವಾಹನ ಜೋಳದ ದಂಟಿನ ಬಂಡಿ. ಸಿಪ್ಪೆ ಸುಲಿದು, ಬೆಂಡು ಕತ್ತರಿಸಿ, ಸಿಬಿರು ಚುಚ್ಚಿ ಗಾಲಿ ಕೂರಿಸುವುದು. ಆಮೇಲಿನದು ಸೈಕಲ್ಲಿನ ಹಳೆಯ ಟೈರು. ಕೋಲಿನಿಂದ ತಟ್ಟುತ್ತ ಅದರ ಜೊತೆಗೇ ಓಡಬೇಕು. ಓಣಿಯಲ್ಲಿ ಎಮ್ಮೆ ಅಡ್ಡ ಬಂದರೆ, ನೀರಿನ ಕೊಡ ಹೊತ್ತವರು ಎದುರಾದರೆ ಕೋಲನ್ನು ಮುಂದೆ ಅಡ್ಡ ಹಿಡಿದು ಗಾಲಿಯ ವೇಗ ತಗ್ಗಿಸಬೇಕು. ತಗ್ಗಿಸಿದ್ದು ಹೆಚ್ಚಾದರೆ ಗಾಲಿ ಮಲಗುತ್ತದೆ. ಏಳು ಚೌಕದ ಕಾರು ಕಲಿಸದ ಒಂದನ್ನು ಈ ಬಡ ಆಟ ಕಲಿಸುತ್ತಿತ್ತು: ಓಡುವ ವಸ್ತುವಿಗೆ ತನ್ನದೇ ಹಟ ಇರುತ್ತದೆ, ಅದನ್ನು ಮೊದಲೇ ಒಲಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಹಗ್ಗದಾಟ ಇನ್ನೂ ಹತ್ತಿರದ ಹೋಲಿಕೆ. ಇಬ್ಬರು ಎರಡು ತುದಿ ಹಿಡಿದು ಹಗ್ಗ ಬೀಸುತ್ತಾರೆ. ಮೂರನೆಯವಳು ಹೊರಗೆ ನಿಂತು ಮೈಯನ್ನು ಹಿಂದೆ ಮುಂದೆ ತೂಗುತ್ತ ಹಗ್ಗದ ಗತಿಯನ್ನು ಮೈಗೂಡಿಸಿಕೊಂಡು, ಅದು ನೆಲ ಬಡಿದು ಮೇಲೇಳುವ ಕ್ಷಣಕ್ಕೆ ಒಳಗೆ ನುಗ್ಗುತ್ತಾಳೆ. ಫ್ರಾಗರ್‌ನ ಕಪ್ಪೆ ಮಾಡುವುದೂ ಇದನ್ನೇ. ಆದರೆ ಹಗ್ಗ ಒಂದೇ ತಾಳದಲ್ಲಿ ಸುತ್ತುತ್ತದೆ, ಎರಡು ಸುತ್ತು ಬಿಟ್ಟು ಮೂರನೆಯದಕ್ಕೆ ಹೊಂಚಬಹುದು, ತಪ್ಪಿದರೆ ಕಾಲಿಗೊಂದು ಏಟು. ರಸ್ತೆಗೆ ತಾಳವಿಲ್ಲ. “ಗಾಡಿ ಬರ್ಲಕತ್ತದ, ನಿಂದ್ರೋ ತಮ್ಮಾ” ಎಂದು ಬಾಗಿಲಿಂದ ಕೂಗುವ ಅಮ್ಮ, ಮಗುವಿನ ಕಣ್ಣಿಗೆ ಸಾಧ್ಯವಾಗದ ಲೆಕ್ಕವನ್ನು ತನ್ನ ಕಣ್ಣಿನಿಂದ ಮಾಡಿಕೊಡುತ್ತಿರುತ್ತಾಳೆ.

ದೊಡ್ಡವರ ಕಣ್ಣೂ ಒಂದು ಕಡೆ ಸೋಲುತ್ತದೆ. ಅದು ರೈಲಿನ ಮುಂದೆ. ದೊಡ್ಡ ವಸ್ತುಗಳು ಅವುಗಳ ನಿಜವಾದ ವೇಗಕ್ಕಿಂತ ನಿಧಾನವಾಗಿ ಚಲಿಸುವಂತೆ ಕಾಣುತ್ತವೆ ಎಂದು 1985ರಲ್ಲಿ ಹರ್ಷಲ್ ಲೈಬೊವಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ವಿವರಿಸಿದ. ಹಳಿಗಳ ಬಳಿ ನಿಂತವನು ‘ಇನ್ನೂ ದೂರದಲ್ಲಿದೆ, ದಾಟಬಹುದು’ ಎಂದುಕೊಳ್ಳುವುದು ಈ ಕಾರಣಕ್ಕೆ. ಭಾರತೀಯ ರೈಲ್ವೆ ಬಹಳ ಕಾಲ ಕಾವಲುಗಾರನಿಲ್ಲದ ಕ್ರಾಸಿಂಗ್‌ಗಳಲ್ಲಿ ದಾಟುವವನ ಅಂದಾಜನ್ನೇ ನಂಬಿತ್ತು. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಅಂಥ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಕೊನೆಯ ಹೊತ್ತಿಗೆ ತೆಗೆದುಹಾಕಲಾಯಿತು.

ರೈಲ್ವೆಯವರು ತಮ್ಮ ರೈಲುಗಳ ಮಟ್ಟಿಗೆ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದ್ದರು. ಆರಂಭದ ದಿನಗಳಲ್ಲಿ ಬ್ರಿಟನ್ನಿನ ಅನೇಕ ಮಾರ್ಗಗಳಲ್ಲಿ ರೈಲುಗಳನ್ನು ಬಿಡುತ್ತಿದ್ದುದು ಗಡಿಯಾರ ನೋಡಿ. ಒಂದು ಹೊರಟ ಇಂತಿಷ್ಟು ನಿಮಿಷಕ್ಕೆ ಇನ್ನೊಂದು. ಮುಂದಿನದು ದಾರಿಯಲ್ಲಿ ನಿಂತಿತೋ ಓಡುತ್ತಿದೆಯೋ ಹಿಂದಿನದಕ್ಕೆ ಗೊತ್ತಿರುತ್ತಿರಲಿಲ್ಲ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಬಳಿ ಸಂಡೇ ಸ್ಕೂಲಿನ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ಅದನ್ನು ಎರಡು ತುಂಡು ಮಾಡಿದಾಗ ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ಸಮಯದ ಅಂತರದಲ್ಲಿ ಬಿಟ್ಟಿದ್ದ ಮುಂದಿನ ರೈಲಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿ, ಸಮಯದ ಅಂತರ ಸಾಲದು, ಜಾಗದ ಅಂತರ ಬೇಕು ಎಂದಿತು. ಹಳಿಯನ್ನು ತುಂಡುಗಳಾಗಿ ಭಾಗಿಸಿ, ಒಂದು ತುಂಡಿನಲ್ಲಿ ಒಂದು ರೈಲು ಇರುವಾಗ ಇನ್ನೊಂದನ್ನು ಬಿಡದಿರುವುದೇ ಬ್ಲಾಕ್ ಪದ್ಧತಿ. ಒಂಟಿ ಹಳಿಯ ಮಾರ್ಗಗಳಲ್ಲಿ ಸ್ಟೇಷನ್ನಿನವರು ಬೆತ್ತದ ಬಳೆಗೆ ಚೀಲ ಕಟ್ಟಿ ಚಾಲಕನ ತೋಳಿಗೆ ಎಸೆಯುತ್ತಿದ್ದ ಟೋಕನ್ ಅದರದೇ ರೂಪ. ಟೋಕನ್ ಒಂದೇ, ಅದು ಯಾರ ಕೈಯಲ್ಲಿದೆಯೋ ಹಳಿ ಅವರದು. ಹೊಂಚು ಹಾಕುವ ಪ್ರಶ್ನೆಯೇ ಇಲ್ಲ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಯಾದಗಿರಿ ಇರುವುದು ಆ ಹೆದ್ದಳಿಯ ಮೇಲೆಯೇ. ಅದರ ಉತ್ತರಕ್ಕಿರುವ ವಾಡಿ ಜಂಕ್ಷನ್ನಿನಿಂದ ಸೇಡಂ, ತಾಂಡೂರು ಹಾದು ವಿಕಾರಾಬಾದಿಗೆ ಹೋಗುವ ಮಾರ್ಗಕ್ಕೆ ಈಚಿನ ಕಾಲದಲ್ಲಿ ಬೇರೆಯೇ ಒಂದು ಹೆಸರು ಬಂತು. ಎರಡು ರೈಲುಗಳು ಒಂದೇ ಹಳಿಯಲ್ಲಿ ಎದುರಾದರೆ ತಾನಾಗಿಯೇ ಬ್ರೇಕು ಹಾಕುವ ‘ಕವಚ’ ಎಂಬ ಸ್ವದೇಶಿ ವ್ಯವಸ್ಥೆಯ ಮೊದಲ ಪ್ರಯೋಗಗಳು ನಡೆದದ್ದು ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ ಮತ್ತು ಬೀದರ್ ನಡುವಿನ ಹಳಿಗಳಲ್ಲಿ. ಪ್ರಯಾಣಿಕರ ರೈಲುಗಳ ಮೇಲೆ ಪರೀಕ್ಷೆ ಶುರುವಾದದ್ದು 2016ರಲ್ಲಿ. 2022ರ ಮಾರ್ಚ್ 4ರಂದು ವಿಕಾರಾಬಾದ್ ಕಡೆಯ ಗುಲ್ಲಗೂಡ ಮತ್ತು ಚಿಟಿಗಿಡ್ಡ ನಿಲ್ದಾಣಗಳ ನಡುವೆ ಎರಡು ಎಂಜಿನ್‌ಗಳನ್ನು ಎದುರುಬದುರಾಗಿ ಓಡಿಸಿ ತೋರಿಸಲಾಯಿತು. ಒಂದರಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಇದ್ದರು. ಎಂಜಿನ್ ಇನ್ನೊಂದಕ್ಕಿಂತ 380 ಮೀಟರ್ ಮೊದಲೇ ನಿಂತಿತು. ಏಳು ಚೌಕದ ಕಾರಿನ ಆಟವನ್ನು ದೊಡ್ಡವರು ನಿಜವಾದ ಉಕ್ಕಿನಿಂದ ಆಡಿದ್ದು ಎಂದರೆ ಇದೇ ಇರಬೇಕು. ವ್ಯತ್ಯಾಸವೆಂದರೆ ಇಲ್ಲಿ ಗುಂಡಿಯ ಮೇಲೆ ಯಾರ ಬೆರಳೂ ಇರಲಿಲ್ಲ.

ರಸ್ತೆಗೆ ಕವಚವಿಲ್ಲ, ಟೋಕನ್ ಇಲ್ಲ. ಎತ್ತಿನ ಬಂಡಿ, ಕುರಿ ಹಿಂಡು, ಬಸ್ಸು, ಬೈಕು, ಶಾಲೆ ಬಿಟ್ಟ ಮಕ್ಕಳು ಎಲ್ಲರಿಗೂ ಅದೊಂದೇ ದಾರಿ. ಅಲ್ಲಿ ಜಾಗವನ್ನು ಭಾಗಿಸಲಾಗದು. ಮಗುವಿನ ಕಣ್ಣನ್ನು ಬೇಗ ಬೆಳೆಸಲೂ ಆಗದು. ಉಳಿಯುವುದು ವಾಹನದ ವೇಗವನ್ನು ಆ ಕಣ್ಣಿನ ಅಳತೆಗೆ ಇಳಿಸುವುದು. ಹಳ್ಳಿಗರು ಯಾವ ಅಧ್ಯಯನವನ್ನೂ ಓದದೆ ಇದನ್ನು ಕಂಡುಕೊಂಡಿದ್ದಾರೆ. ಊರ ಮುಂದೆ ರಸ್ತೆ ಹೊಸದಾಗಿ ಟಾರು ಕಂಡರೆ ಮರುದಿನವೇ ಅವರು ಕೇಳುವುದು ಹಂಪ್ಸು. ಕೇಳಿದಾಗ ಸಿಗುವುದು ಸಾಮಾನ್ಯವಾಗಿ ಮೊಣಕಾಲೆತ್ತರ ಎನಿಸುವ ಕಿರಿದಾದ ದಿಬ್ಬ, ಕೆಲವೊಮ್ಮೆ ಊರವರೇ ಮಣ್ಣು ಕಲ್ಲು ಹಾಕಿ ಮಾಡಿಕೊಂಡದ್ದು. ಅದು ವೇಗ ಇಳಿಸುವುದಕ್ಕಿಂತ ಹೆಚ್ಚಾಗಿ ಬೈಕು ಸವಾರನ ಸೊಂಟ ಮುರಿಯುತ್ತದೆ, ರಾತ್ರಿ ಹೊತ್ತು ಕಾಣದೆ ಹೊಸ ಅಪಾಯವಾಗುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಅಳತೆ ಗೊತ್ತುಮಾಡಿದೆ. ದಿಬ್ಬದ ಎತ್ತರ 10 ಸೆಂಟಿಮೀಟರ್ ಮಾತ್ರ. ವಾಹನ ಸಾಗುವ ದಿಕ್ಕಿನಲ್ಲಿ ಅದರ ಉದ್ದ 3.7 ಮೀಟರ್, ಅಂದರೆ ಹತ್ತಿ ಇಳಿಯುವುದು ಮೆತ್ತಗಿನ ಕಮಾನಿನಂತೆ. ಮೇಲೆ ಕಪ್ಪು ಬಿಳುಪಿನ ಪಟ್ಟೆ, ಮೊದಲೇ ಸೂಚನಾ ಫಲಕ. ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಿದರೆ ಒಳಗಿದ್ದವರಿಗೆ ಕಷ್ಟವಾಗದು, ಅದಕ್ಕಿಂತ ಹೆಚ್ಚಾದರೆ ಮೈ ಕುಲುಕುತ್ತದೆ. ಆ 25 ಎಂಬ ಅಂಕಿ, ಲಂಡನ್ನಿನವರು 2011ರಲ್ಲಿ ಅಳೆದ 32ರ ಕೆಳಗೇ ಇದೆ. ಆ ವೇಗದಲ್ಲಿ ಬರುವ ಬಸ್ಸು 6 ಸೆಕೆಂಡಿನಲ್ಲಿ ಕ್ರಮಿಸುವುದು ಸುಮಾರು 42 ಮೀಟರ್. ಅಷ್ಟು ಹತ್ತಿರದಿಂದ ಅದು ಉಬ್ಬುತ್ತ ಬರುವುದು ಏಳು ವರ್ಷದ ಮಗುವಿಗೂ ಕಾಣುತ್ತದೆ.